ಕೂಸುಪಟ್ಟಿಗೆ ಕೂಗಿದ ಹೆಸರು

ನಮ್ಮೂರಲ್ಲಿ ಕೂಸು ಹುಟ್ಟಿದ ಮೂರನೇ ದಿನಕ್ಕೆ ದೊಡ್ಡನೀರು ಒಂದಿಷ್ಟು ಹಿಂದೆ ಸರಿದು ಹೊಸ ನೆಲ ಬಿಡುತ್ತದೆ. ದೊಡ್ಡನೀರು ಅಂದರೆ ನಮ್ಮ ಸರೋವರ. ಅದಕ್ಕೆ ಬೇರೆ ಹೆಸರಿದ್ದರೆ ನನಗೆ ಗೊತ್ತಿಲ್ಲ. ಹೆತ್ತ ಜಾಗದ ನೇರಕ್ಕೆ, ದಡಕ್ಕೆ ಅಂಟಿಕೊಂಡು, ಹನ್ನೆರಡು ಮಾರು ಉದ್ದ, ಐದು ಮಾರು ಅಗಲದ ಕಪ್ಪು ಮಣ್ಣಿನ ಪಟ್ಟಿಯೊಂದು ಏಳುತ್ತದೆ. ಕೂಸುಪಟ್ಟಿ ಅನ್ನುತ್ತೇವೆ. ಅವಳಿ ಹುಟ್ಟಿದರೆ ಎರಡು. ಹುಟ್ಟಿ ಉಸಿರಾಡದೆ ಹೋದ ಕೂಸಿಗೂ ಒಂದು ಪಟ್ಟಿ ಬರುತ್ತದೆ. ಅದನ್ನು ಯಾರೂ ಅಗೆಯುವುದಿಲ್ಲ, ಜೊಂಡು ಬೆಳೆಯಲು ಬಿಡುತ್ತೇವೆ.

ಹೀಗಾಗಿ ನಮ್ಮಲ್ಲಿ ಹೆರಿಗೆ ಮಾಡಿಸುವವಳೇ ನೆಲ ಅಳೆಯುವವಳು. ನನ್ನ ಅತ್ತೆ ಆ ಕೆಲಸ ಮಾಡುತ್ತಿದ್ದಳು, ಅವಳ ಕೈ ನಡುಗತೊಡಗಿದ ಮೇಲೆ ನನಗೆ ಬಂತು. ಒಂದು ಹೆಗಲಿಗೆ ಎಣ್ಣೆ, ನೂಲು, ಬ್ಲೇಡು, ಹಳೆ ಬಟ್ಟೆಯ ಚೀಲ. ಇನ್ನೊಂದು ಹೆಗಲಿಗೆ ಮಾರಿಗೊಂದು ಗಂಟು ಹಾಕಿದ ಹಗ್ಗ. ಮೂರನೇ ದಿನ ಹೋಗಿ ನಾಲ್ಕು ಮೂಲೆಗೆ ಗೂಟ ಹೊಡೆದು, ನೀರಿನ ಕಡೆ ಮುಖ ಮಾಡಿ, ಕೂಸಿನ ಅಪ್ಪನ ಹೆಸರನ್ನು ಮೂರು ಸಲ ಕೂಗುತ್ತಿದ್ದೆ. ಅಲ್ಲಿಗೆ ಆ ನೆಲ ಅವನದು. ವರ್ಷಕ್ಕೊಮ್ಮೆ, ಮಳೆ ಮುಗಿದ ಮೇಲೆ, ಸರ್ಕಾರದ ನೋಂದಣಿಯವರು ಲಾಂಚಿನಲ್ಲಿ ಬಂದು ನಾನು ಕೂಗಿದ್ದನ್ನೆಲ್ಲ ಹಕ್ಕುಪತ್ರಕ್ಕೆ ಇಳಿಸುತ್ತಿದ್ದರು. ಒಮ್ಮೆ ಬರೆದದ್ದನ್ನು ಅಳಿಸುವಂತಿಲ್ಲ.

ಊರಿಗೆ ಇದೆಲ್ಲ ಎಷ್ಟು ಒಗ್ಗಿಹೋಗಿತ್ತೆಂದರೆ ಮದುವೆ, ಬಸಿರು, ಬಾಣಂತನ ಎಲ್ಲವೂ ನೆಲದ ಲೆಕ್ಕದಲ್ಲೇ ನಡೆಯುತ್ತಿದ್ದವು. ಬೇರೆ ಕಡೆ ಹೆಣ್ಣುಮಕ್ಕಳನ್ನು ಚೊಚ್ಚಲ ಹೆರಿಗೆಗೆ ತವರಿಗೆ ಕರೆಸುತ್ತಾರಂತೆ. ನಮ್ಮಲ್ಲಿ ಏಳು ತಿಂಗಳಾದ ಮೇಲೆ ಸೊಸೆಯನ್ನು ತವರಿನ ಬೀದಿಗೂ ಕಳಿಸುತ್ತಿರಲಿಲ್ಲ, ಅಲ್ಲೇ ಹೆತ್ತುಬಿಟ್ಟರೆ ಪಟ್ಟಿ ಅವರ ದಡಕ್ಕೆ ಎದ್ದು ಬೀಗರ ಪಾಲಾಗುತ್ತದಲ್ಲ! ಹೆಣ್ಣುಕೂಸಿನ ಪಟ್ಟಿ ಅವಳ ಮದುವೆಯಾದ ದಿನ ಅಣ್ಣತಮ್ಮಂದಿರಿಗೆ. ನನ್ನದರಲ್ಲಿ ನನ್ನ ತಮ್ಮ ಈರುಳ್ಳಿ ಹಾಕುತ್ತಾನೆ, ವರ್ಷಕ್ಕೊಂದು ಬುಟ್ಟಿ ಕಳಿಸುತ್ತಾನೆ. ಗಂಡ ಸತ್ತವಳ ಪಾಡು ಇನ್ನೂ ಕಷ್ಟ. ಮೂರು ಹೆತ್ತು ಮೂರು ಪಟ್ಟಿ ಎಬ್ಬಿಸಿದವಳು, ಮೈದುನ ಬಂದು ‘ಅಣ್ಣನ ಹೆಸರಿನದು’ ಅಂದರೆ ಗುದ್ದಲಿ ಎತ್ತಿಕೊಂಡು ನಡೆಯಬೇಕು.

ಹೊರಗಿನಿಂದ ದುಡಿಯಲು ಬಂದ ಹೆಂಗಸರಿಗೆ ಬೇರೆಯೇ ಕಟ್ಟಳೆ. ಎಂಟು ತಿಂಗಳು ತುಂಬುತ್ತಲೇ ಅವರನ್ನು ದೋಣಿ ಹತ್ತಿಸಿ ಆಚೆ ದಡಕ್ಕೆ ಬಿಟ್ಟುಬರಬೇಕು. ಆಚೆ ದಡದಲ್ಲಿ ಕೂಸು ಹುಟ್ಟಿದರೆ ಕೂಸು ಮಾತ್ರ ಹುಟ್ಟುತ್ತದೆ. ಹಾಗೆ ಬಿಟ್ಟುಬರುವ ಕೆಲಸವೂ ನನ್ನದೇ. ಹದಿನಾಲ್ಕು ಜನರನ್ನು ಬಿಟ್ಟುಬಂದಿದ್ದೇನೆ. ಒಬ್ಬಳು ದೋಣಿಯಲ್ಲೇ ಹೆತ್ತಳು. ನಡುನೀರಿನಲ್ಲಿ ಎದ್ದ ಆ ಪಟ್ಟಿಯ ಮೇಲೆ ಈಗ ಕೊಕ್ಕರೆಗಳಿವೆ.

ಹದಿನೈದನೆಯವಳು ಮಡಾಲೊ. ಉತ್ತರದ ಕಡೆಯಿಂದ ಎರಡು ಮಳೆಗಾಲದ ಹಿಂದೆ ಗಂಡನ ಜೊತೆ ಬಂದಿದ್ದಳು. ಗಂಡ ಗಣಿ ಕೆಲಸಕ್ಕೆಂದು ಹೋದವನ ಸುದ್ದಿಯಿಲ್ಲ. ಊರ ಯಜಮಾನ ಗೊಂಡ್ವೆಯವರ ಮೀನು ಒಣಗಿಸುವ ತಡಿಕೆಗಳ ಹತ್ತಿರ ಗುಡಿಸಲು ಹಾಕಿಕೊಂಡು, ಬೆಳಗಿನಿಂದ ಸಂಜೆಯವರೆಗೆ ಮೀನು ತಿರುವಿ ಹಾಕುತ್ತಿದ್ದಳು. ಮಾತು ಕಡಿಮೆ. ಕೆಲಸ ಮಾತ್ರ ಇಬ್ಬರದು. ಅವಳನ್ನು ಬುಧವಾರ ದಾಟಿಸುವುದೆಂದು ದೋಣಿ ಗೊತ್ತುಮಾಡಿದ್ದರು. ಸೋಮವಾರ ಮಧ್ಯಾಹ್ನ ಯಾರೋ ಓಡಿಬಂದು, “ಲುಸುಂಗಕ್ಕಾ, ತಡಿಕೆ ಹತ್ರ ಮಡಾಲೊಗೆ ನೀರು ಹೋಗ್ತಾ ಇದೆ” ಅಂದರು.

ನಾನು ಹೋಗುವಷ್ಟರಲ್ಲಿ ಗೊಂಡ್ವೆ ಯಜಮಾನರೂ ಅಲ್ಲಿದ್ದರು. ಕೆಟ್ಟ ಮನುಷ್ಯರಲ್ಲ ಅವರು. ಊರಿನ ಪ್ರತಿ ಮನೆಯಲ್ಲಿ ಯಾರಿಗೆ ಏನು ಕಾಯಿಲೆ ಎಂದು ತಿಳಿದವರು. ದೋಣಿಯನ್ನು ಆಗಲೇ ದಡಕ್ಕೆ ತರಿಸಿದ್ದರು. “ಮೊದಲನೇ ಬಸಿರು, ತಡ ಆಗತ್ತೆ. ಈಗ ಹೊರಟ್ರೆ ದಾಟಬಹುದು” ಅಂದರು.

ಮಡಾಲೊ ತಡಿಕೆಯ ಕಂಬ ಹಿಡಿದು ಕೂತಿದ್ದಳು. ನಾನು ಬಗ್ಗಿ ಹೊಟ್ಟೆ ಮುಟ್ಟಿ ನೋಡಿದೆ. ಅವಳು ನನ್ನ ಮಣಿಕಟ್ಟು ಹಿಡಿದು ಕೇಳಿದಳು, “ಅಕ್ಕಾ, ಆಚೆ ದಡದಲ್ಲಿ ಯಾರಿದ್ದಾರೆ?”

ಹದಿನಾಲ್ಕು ಜನರಿಗೂ ನಾನು, ‘ಯಾರಾದರೂ ಇರುತ್ತಾರೆ ತಾಯಿ’ ಎಂದೇ ಹೇಳಿದ್ದೆ. ಅವರ್ಯಾರೂ ಹೀಗೆ ಕೇಳಿರಲಿಲ್ಲ, ನಾನಾಗಿಯೇ ಹೇಳುತ್ತಿದ್ದೆ. ಕೇಳಿದವಳಿಗೆ ಹೇಳಲು ನಾಲಗೆ ಏಳಲಿಲ್ಲ. ಯಜಮಾನರ ಕಡೆ ತಿರುಗಿ, “ಕೂಸು ಕಾಲು ಮುಂದಾಗಿ ಬರ್ತಾ ಇದೆ. ದೋಣಿಗೆ ಹಾಕಿದ್ರೆ ಇಬ್ಬರೂ ಉಳಿಯಲ್ಲ” ಅಂದೆ.

ಅವರ ಮುಖ ಸಣ್ಣದಾಯಿತು. ಅವರ ಮೊದಲ ಹೆಂಡತಿ ಹೋದದ್ದು ಹಾಗೆಯೇ. “ಹಾಗಾದ್ರೆ ಇಲ್ಲೇ ಆಗಲಿ. ಜೀವ ಮುಖ್ಯ” ಎಂದು ಗಂಡಸರನ್ನೆಲ್ಲ ದೂರ ಕಳಿಸಿದರು.

ಕೂಸು ಸರಿಯಾಗಿಯೇ ತಿರುಗಿತ್ತು. ತಲೆ ನನ್ನ ಬೆರಳಿಗೆ ತಾಗುವಷ್ಟು ಹತ್ತಿರ ಇತ್ತು. ಮೂವತ್ತು ವರ್ಷದ ಕಸುಬಿನಲ್ಲಿ ಕೂಸಿನ ಬಗ್ಗೆ ನಾನಾಡಿದ ಮೊದಲ ಸುಳ್ಳು ಅದು. ಹೊತ್ತು ಇಳಿಯುವ ಮೊದಲೇ ಹೆಣ್ಣುಕೂಸು ಹುಟ್ಟಿ, ಮೀನಿನ ವಾಸನೆಗೋ ಏನೋ ಸೀನಿ, ಆಮೇಲೆ ಅತ್ತಿತು. ಮಡಾಲೊ ಅದಕ್ಕೆ ತಾವೊಂಗ ಅಂತ ಹೆಸರಿಟ್ಟಳು.

ಮೂರನೇ ದಿನ ಪಟ್ಟಿ ಎದ್ದಿತ್ತು. ಎದ್ದದ್ದಾದರೂ ಎಲ್ಲಿ! ತಡಿಕೆಗಳ ಮುಂದೆ, ದೋಣಿಗಳು ಬಂದು ನಿಲ್ಲುವ ಜಾಗದಲ್ಲೇ. ರಾತ್ರಿ ಬಲೆ ಹಾಕಿ ಬಂದ ಬೆಸ್ತರು ಮೊಣಕಾಲುದ್ದದ ಕೆಸರಿನಲ್ಲಿ ನಿಂತು ಗೊಣಗುತ್ತಿದ್ದರು. ಅರ್ಧ ಊರು ಸೇರಿತ್ತು. ಅಪ್ಪ ಇಲ್ಲದ ಕೂಸಿನ ಪಟ್ಟಿ ಯಜಮಾನರ ಹೆಸರಿಗೆ ಅನ್ನುವುದು ಹಳೆಯ ಕಟ್ಟಳೆ. ನಾನು ಅವರ ಹೆಸರು ಕೂಗುತ್ತೇನೆಂದೇ ಎಲ್ಲರೂ ನಿಂತಿದ್ದರು. ನಾನೂ ಹಾಗೆಯೇ ಅಂದುಕೊಂಡು ಹೋಗಿದ್ದೆ. ಗೂಟ ಹೊಡೆದೆ. ನೀರಿನ ಕಡೆ ತಿರುಗಿದೆ. ಬಾಯಿ ತೆರೆದಾಗ ಬಂದದ್ದು, “ಮಡಾಲೊ” ಅಂತ. ಬಂದ ಮೇಲೆ ಇನ್ನೆರಡು ಸಲ ಕೂಗಲೇಬೇಕಲ್ಲ, ಕೂಗಿದೆ.

ಹಿಂದೆ ಹೆಂಗಸರ ಸಾಲಿನಿಂದ ಯಾರೋ ಕೆಮ್ಮಿದರು.

ಮಾರನೆಯ ದಿನ ಬಲೆ ಹೆಣೆಯುವ ಅಂಗಳದಲ್ಲಿ ಪಂಚಾಯಿತಿ. ಬೆಸ್ತರ ಹಿರಿಯನೊಬ್ಬ ಹೇಳಿದ, “ಅಕ್ಕ ಮಾಡಿದ್ದು ಸರಿಯೋ ತಪ್ಪೋ ನನಗೆ ಬೇಡ. ಆದರೆ ನಮ್ಮ ಮಕ್ಕಳಿಗೇ ನೀರು ಹಿಂದೆ ಹೋಗ್ತಾ ಇದೆ. ಬಂದವರಿಗೆಲ್ಲ ಹೋದ್ರೆ ನಾಳೆ ಬಲೆ ಎಲ್ಲಿ ಬೀಸೋದು?” ಅದೇನು ಸುಳ್ಳು ಮಾತಲ್ಲ. ಯಜಮಾನರು ನನ್ನನ್ನೇ ನೋಡುತ್ತ ಕೇಳಿದರು, “ಲುಸುಂಗು, ಒಂದು ಮಾತು. ಕೂಸು ನಿಜವಾಗ್ಲೂ ಕಾಲು ಮುಂದಾಗಿತ್ತಾ?”

ಹೌದು ಅಂದಿದ್ದರೆ ಮುಗಿಯುತ್ತಿತ್ತು. ಹೆರಿಗೆಯ ಹೊತ್ತಿಗೆ ಅಲ್ಲಿದ್ದವರು ನಾನು, ಅವಳು, ಕೂಸು ಮೂರೇ ಜನ. ಆದರೆ ಅವರು ಕೇಳಿದ್ದು ಪಟ್ಟಿಯ ಬಗ್ಗೆ ಅಲ್ಲ, ತಮ್ಮ ಸತ್ತ ಹೆಂಡತಿಯ ಬಗ್ಗೆ ಅನಿಸಿತು. ಆ ಸಾವನ್ನು ಅಡವಿಟ್ಟು ನಾನು ಎರಡನೇ ಸುಳ್ಳು ಹೇಳಲಾರೆ.

“ಇಲ್ಲ ಯಜಮಾನ್ರೇ. ತಲೆ ಮುಂದಾಗಿತ್ತು. ನಾನು ಸುಳ್ಳು ಹೇಳಿದೆ.”

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಹಗ್ಗ ಇಡು” ಅಂದರು. ಇಟ್ಟೆ. ಅದನ್ನು ಜೆರೆ ಅನ್ನುವವನ ಕೈಗೆ ಕೊಟ್ಟರು. ಬಲೆ ಕಣ್ಣು ಲೆಕ್ಕ ಹಾಕುವುದರಲ್ಲಿ ಗಟ್ಟಿಗ, ಸಾಧು ಮನುಷ್ಯ. ಹೆರಿಗೆ ಕೆಲಸ ಮಾತ್ರ ನನಗೆ ಉಳಿಯಿತು, ಅದನ್ನು ಯಾವ ಗಂಡಸಿಗೂ ಕೊಡುವಂತಿರಲಿಲ್ಲವಲ್ಲ. ಮಡಾಲೊಳ ಪಟ್ಟಿಯ ತೀರ್ಮಾನ ನೋಂದಣಿಯವರು ಬರುವವರೆಗೆ, ಅಂದರೆ ಇನ್ನು ಐದು ವಾರ, ಹಾಗೇ ಇರಲಿ ಎಂದಾಯಿತು. ಅಲ್ಲಿಯವರೆಗೆ ಅವಳು ಅದರ ಮೇಲೆ ಗುದ್ದಲಿ ಹಾಕುವಂತಿಲ್ಲ.

ಮನೆಗೆ ಬಂದು ಬರಿ ಹೆಗಲು ಮುಟ್ಟಿಕೊಂಡೆ. ನಾಚಿಕೆಯೋ ಹಗುರವೋ ತಿಳಿಯಲಿಲ್ಲ. ಮಾಡಿದ್ದರಿಂದ ಏನೂ ಬದಲಾಗಲಿಲ್ಲ, ನನ್ನ ಹಗ್ಗ ಹೋದದ್ದು ಬಿಟ್ಟರೆ ಅಂತ ಎರಡು ವಾರ ಕೊರಗಿದೆ.

ಮೂರನೇ ವಾರ ಒಂದು ಬೆಳಿಗ್ಗೆ ಚಿಕೊಂಡಿ ಬಂದಳು. ಗೊಂಡ್ವೆ ಯಜಮಾನರ ಕಿರಿ ಸೊಸೆ. ತುಂಬು ಬಸುರಿ, ಒಂದು ಕೈಯಲ್ಲಿ ಚಾಪೆ, ಇನ್ನೊಂದರಲ್ಲಿ ಬಟ್ಟೆ ಗಂಟು. “ಎಲ್ಲಿಗೆ ಹೊರಟೆ ತಾಯಿ, ಈ ದಿನದಲ್ಲಿ?” ಅಂದೆ.

“ಮಡಾಲೊ ಗುಡಿಸಲಿಗೆ. ಹೆರಿಗೆ ಅಲ್ಲೇ.”

“ನಿಮ್ಮ ಮಾವನವರಿಗೆ ಗೊತ್ತಾ?”

“ಗೊತ್ತಾಗತ್ತೆ. ಅಕ್ಕಾ, ನಾನು ಎರಡು ಹೆತ್ತಿದ್ದೀನಿ. ಎರಡು ಪಟ್ಟಿ. ಹೋದ ವರ್ಷ ನನ್ನ ಗಂಡ ಜ್ವರದಲ್ಲಿ ಮಲಗಿದಾಗ ನನ್ನ ಭಾವ ಬಂದು ಏನು ಕೇಳಿದ್ರು ಗೊತ್ತಾ? ಮದ್ದು ತಂದ್ಯಾ ಅಂತಲ್ಲ. ಪಟ್ಟಿಯಲ್ಲಿ ಜೋಳ ಎಷ್ಟು ಎತ್ತರ ಬಂದಿದೆ ಅಂತ. ಅವತ್ತೇ ತಿಳೀತು, ನಾನು ನಿಂತಿರೋದು ಇನ್ನೊಬ್ಬರ ಉಸಿರಿನ ಮೇಲೆ.” ಗಂಟನ್ನು ಕೈ ಬದಲಿಸಿಕೊಂಡಳು. “ಹೆರೋದು ನಾನು. ನೆಲ ಬರೋದು ನಾನು ಕೂತಲ್ಲಿ. ಎಲ್ಲಿ ಕೂರಬೇಕು ಅಂತ ಇಷ್ಟು ದಿನ ಅವರು ಹೇಳಿದ್ರು. ಈ ಸಲ ನಾನೇ ಕೂರ್ತೀನಿ.”

ನಾನು ಮೂವತ್ತು ವರ್ಷ ನೆಲ ಅಳೆದವಳು. ಇಷ್ಟು ಸರಳವಾದ ಮಾತು ನನ್ನ ತಲೆಗೆ ಹೊಳೆದಿರಲಿಲ್ಲ. ಚೀಲ ತೆಗೆದುಕೊಂಡು ಅವಳ ಹಿಂದೆ ನಡೆದೆ.

ಸುದ್ದಿ ಬೆಂಕಿಯ ಹಾಗೆ ಹಬ್ಬಿತು. ಮಧ್ಯಾಹ್ನದ ಹೊತ್ತಿಗೆ ಕೆಳಬೀದಿಯ ಇನ್ನೊಬ್ಬಳು ಬಸುರಿ ತವರುಮನೆಯ ಜಗಲಿ ಸೇರಿದ್ದಳು. ಕುಂಬಾರಗೇರಿಯವಳೊಬ್ಬಳು, ಆರೇ ತಿಂಗಳು, ತನ್ನ ಅಕ್ಕನ ಮನೆಗೆ ಹೊರಟು ನಿಂತಿದ್ದಾಳೆಂದು ಅತ್ತೆ ಬಾಗಿಲಿಗೆ ಅಡ್ಡ ಮಲಗಿದ್ದಳಂತೆ. ಊರ ಗಂಡಸರಿಗೆ ದಿಕ್ಕೇ ತೋಚಲಿಲ್ಲ. ಹೊಲಕ್ಕೆ ಬೇಲಿ ಹಾಕಬಹುದು. ಹುಟ್ಟದ ಹೊಲಕ್ಕೆ ಬೇಲಿ ಎಲ್ಲಿ ಹಾಕುವುದು?

ಸಂಜೆಗೆ ಯಜಮಾನರೇ ಬಂದರು. ಹೆರಿಗೆ ಗುಡಿಸಲಿನೊಳಗೆ ಗಂಡಸರು ಕಾಲಿಡುವಂತಿಲ್ಲ, ಹಾಗಾಗಿ ಬಾಗಿಲಿಗೆ ಇಳಿಬಿಟ್ಟ ಚಾಪೆಯ ಆಚೆ ನಿಂತರು. ಒಳಗೆ ಚಿಕೊಂಡಿಗೆ ನೋವು ಶುರುವಾಗಿತ್ತು. ಮಡಾಲೊ ಅವಳ ಸೊಂಟ ಉಜ್ಜುತ್ತಿದ್ದಳು. ತಾವೊಂಗ ಮೂಲೆಯಲ್ಲಿ ಮಲಗಿತ್ತು. ನಾನು ನೀರು ಕಾಯಿಸುತ್ತ ಬಾಗಿಲ ಹತ್ತಿರ ಕೂತಿದ್ದೆ.

“ಚಿಕೊಂಡಿ, ಮನೆಗೆ ನಡಿ ಮಗಳೇ. ಊರು ನಗ್ತಾ ಇದೆ.”

“ನಗಲಿ ಮಾವಾ. ನಾನು ಅಳ್ತಾ ಇದ್ದಾಗ ಊರು ಸುಮ್ಮನಿತ್ತಲ್ಲ.”

“ಏನು ಬೇಕು ನಿನಗೆ?”

ನೋವಿನ ಅಲೆಯೊಂದು ಬಂತು. ಅವಳು ಹಲ್ಲು ಕಚ್ಚಿ ಅದನ್ನು ದಾಟಿಸಿದಳು. ಆಚೆ ಯಜಮಾನರು ಕಾದರು. “ಹೆಸರು,” ಅಂದಳು. “ಕೂಗುವಾಗ ನಿಮ್ಮ ಮಗನ ಹೆಸರಿನ ಜೊತೆ ನನ್ನದೂ. ಹೆತ್ತವಳೆಲ್ಲರದೂ. ನಾಳೆ ಅವರು ಹೋದರೆ ನಾವು ಗುದ್ದಲಿ ಎತ್ತಿಕೊಂಡು ಹೋಗಲ್ಲ.”

“ನನ್ನ ಮನೇಲಿ ನಿನಗೆ ಯಾರು ಹೋಗು ಅಂತಾರೆ?”

“ನೀವು ಅನ್ನಲ್ಲ ಮಾವಾ. ನೀವು ಎಷ್ಟು ದಿನ ಇರ್ತೀರಿ?”

ನಾನು ಚಾಪೆಯ ಸಂದಿಯಿಂದ ನೋಡಿದೆ. ಅವರು ಚಪ್ಪಲಿ ಬಿಟ್ಟು ಮಣ್ಣಿನ ಮೇಲೆ ಕೂತುಬಿಟ್ಟಿದ್ದರು. ಕೊನೆಗೆ ನನ್ನನ್ನು ಉದ್ದೇಶಿಸಿ ಕೇಳಿದರು, “ಲುಸುಂಗು, ಇವಳದು ಸರಿಯಾಗಿದೆಯಾ? ಈ ಸಲ ನಿಜ ಹೇಳು.”

“ತಲೆ ಕೆಳಗಿದೆ ಯಜಮಾನ್ರೇ. ಆದರೆ ಹೊತ್ತಿಲ್ಲ. ಮನೆವರೆಗೆ ನಡೆಸಕ್ಕಾಗಲ್ಲ. ಇದು ನಿಜವೇ.”

“ಹಾಗಾದ್ರೆ ನೆಲ ಇಲ್ಲೇ ಬರತ್ತೆ.” ಅವರು ನಿಟ್ಟುಸಿರಿಟ್ಟದ್ದು ಒಳಗೆ ಕೇಳಿಸಿತು. “ಆಗಲಿ. ಎರಡೂ ಹೆಸರು ಕೂಗಲಿ. ಎಲ್ಲ ಮನೆಗೂ ಅದೇ ಮಾತು. ನಾನು ಹೇಳ್ತೀನಿ.”

“ಮಡಾಲೊದು?” ಅಂದಳು ಚಿಕೊಂಡಿ, ಏದುಸಿರಿನಲ್ಲಿ.

“ಅದು ಬೇರೆ. ದೋಣಿ ಎಲ್ಲಿ ನಿಲ್ಲಿಸ್ತಾರೆ? ಬೆಸ್ತರಿಗೆ ನಾನೇನು ಹೇಳಲಿ?”

ಆಗ ಮಡಾಲೊ ಬಾಯಿ ತೆರೆದಳು. ನಮ್ಮೂರಿನಲ್ಲಿ ಅವಳು ಯಜಮಾನರಿಗೆ ಎದುರಾಡಿದ ಮೊದಲ ಮಾತು ಅದೇ ಇರಬೇಕು. “ನಡುವೆ ಎರಡು ಮಾರು ದಾರಿ ಬಿಡ್ತೀನಿ ಧಣಿ. ದೋಣಿ ಎಳ್ಕೊಂಡು ಹೋಗಲಿ, ಮೀನು ಇಳಿಸಲಿ. ನಾನೂ ಮೀನು ತಿರುವೋಳೇ. ದೋಣಿ ಬರದಿದ್ರೆ ನನ್ನ ಹೊಟ್ಟೆಗೇನು? ಉಳಿದ ಮೂರು ಮಾರು ನನಗೆ ಸಾಕು. ಆದರೆ ಅದು ನಂದು ಅಂತ ಬರೀಬೇಕು. ವರ್ಷ ವರ್ಷ ಕೇಳೋ ಹಾಗಿರಬಾರದು.”

ಯಜಮಾನರು ಉತ್ತರ ಕೊಡುವ ಮೊದಲೇ ಚಿಕೊಂಡಿ ಕೂಗಿಕೊಂಡಳು. ಆಮೇಲೆ ನನಗೆ ಮಾತಿಗೆ ಬಿಡುವಿರಲಿಲ್ಲ. ಗಂಡುಕೂಸು, ದಪ್ಪಗೆ, ಅಜ್ಜನದೇ ಹಣೆ. ಅಳು ಕೇಳಿದ ಮೇಲೆ ಆಚೆಯಿಂದ ದನಿ ಬಂತು, “ಎರಡು ಮಾರಲ್ಲ, ಎರಡೂವರೆ. ದೊಡ್ಡ ದೋಣಿಗೆ ಎರಡು ಸಾಲಲ್ಲ.”

“ಆಗಲಿ ಧಣಿ,” ಅಂದಳು ಮಡಾಲೊ. ಅವಳ ಕೈ ಆಗ ಚಿಕೊಂಡಿಯ ಕೈಯೊಳಗಿತ್ತು.

ಮೂರನೇ ದಿನ ಜೆರೆ ಹಗ್ಗ ಹಿಡಿದು ಬಂದ. ಯಜಮಾನರ ಮೊಮ್ಮಗನ ಪಟ್ಟಿ ಮಡಾಲೊಳ ಪಟ್ಟಿಗೆ ತಾಗಿಕೊಂಡೇ ಎದ್ದಿತ್ತು. ಎರಡಕ್ಕೂ ಒಂದೇ ಬದು. ಜೆರೆ ಹಗ್ಗದ ಒಂದು ತುದಿ ನನ್ನ ಕಡೆ ಚಾಚಿ, “ಅಕ್ಕಾ, ಒಬ್ಬನೇ ಹಿಡಿದ್ರೆ ಸೊಟ್ಟ ಬರತ್ತೆ. ಇಷ್ಟು ದಿನ ನೀನು ಹೇಗೆ ಹಿಡೀತಿದ್ದೆ?” ಅಂದ. ಅಂದಿನಿಂದ ಇಬ್ಬರೂ ಹಿಡಿಯುತ್ತೇವೆ. ಅವನು ಅಪ್ಪನ ಹೆಸರು ಕೂಗಿದ, ನಾನು ಚಿಕೊಂಡಿಯ ಹೆಸರು ಕೂಗಿದೆ. ಹೆಂಗಸರ ಸಾಲಿನಲ್ಲಿ ಈ ಸಲ ಯಾರೂ ಕೆಮ್ಮಲಿಲ್ಲ, ಕೇಕೆ ಹಾಕಿದರು.

ಎಲ್ಲವೂ ಸರಿಹೋಯಿತೆಂದು ಹೇಳಿದರೆ ಅದು ನನ್ನ ಎರಡನೇ ಸುಳ್ಳಾದೀತು. ಪಂಚಾಯಿತಿಯಲ್ಲಿ ಹೇಗೋ ಅದನ್ನು ತಪ್ಪಿಸಿಕೊಂಡಿದ್ದೇನೆ, ಇಲ್ಲೂ ಬೇಡ. ಕೆಲವು ಮನೆಗಳಲ್ಲಿ ಎರಡು ಹೆಸರು ಕೂಗಿಸಿಕೊಂಡ ಸೊಸೆಗೆ ಇಂದಿಗೂ ತಣ್ಣಗಿನ ಗಂಜಿ. ಹೊರಗಿನವರ ವಿಷಯದಲ್ಲಿ ಪಂಚಾಯಿತಿ ಮೂರು ದಿನ ಜಗಳಾಡಿ, ಎರಡು ಮಳೆಗಾಲ ಇಲ್ಲಿ ದುಡಿದವಳು ಇಲ್ಲೇ ಹೆರಬಹುದು, ಅವಳಿಗೆ ಅರ್ಧ ಪಟ್ಟಿ, ಇನ್ನರ್ಧ ಊರಿನ ದಾರಿಗೆ ಮತ್ತು ದೋಣಿಗೆ ಎಂದು ತೀರ್ಮಾನಿಸಿತು. ಮೊದಲ ಮಳೆಗಾಲದಲ್ಲೇ ಬಸುರಿಯಾದವಳ ಗತಿಯೇನು ಎಂದು ನಾನು ಕೇಳಿದೆ. ‘ಅದನ್ನು ಆಮೇಲೆ ನೋಡೋಣ’ ಅಂದರು. ನಾನು ಪ್ರತಿ ಪಂಚಾಯಿತಿಯಲ್ಲೂ ಅದನ್ನೇ ಕೇಳುತ್ತಿದ್ದೇನೆ. ದೋಣಿಗಂತೂ ನಾನು ಯಾರನ್ನೂ ಹತ್ತಿಸುವುದಿಲ್ಲ.

ನೋಂದಣಿಯವರು ಬಂದಾಗ ತಡಿಕೆಗಳ ಹತ್ತಿರವೇ ಮೇಜು ಹಾಕಿದರು. ಹಕ್ಕುಪತ್ರದಲ್ಲಿ ಹೆಸರು ಬರೆಯಲು ಎರಡು ಗೆರೆಗಳಿದ್ದವು. “ಈ ಎರಡನೇ ಗೆರೆ ಯಾವಾಗಿನಿಂದ ಇದೆ ಸ್ವಾಮಿ?” ಎಂದು ಕೇಳಿದೆ. “ಅಮ್ಮಾ, ನಾನು ಕೆಲಸಕ್ಕೆ ಸೇರಿದಾಗಿನಿಂದ ಇದೆ. ಯಾವ ಊರಲ್ಲೂ ಯಾರೂ ಹೆಸರು ಹೇಳಲಿಲ್ಲ, ನಾನು ಅಡ್ಡಗೀಟು ಹಾಕಿಕೊಂಡು ಬಂದೆ” ಅಂದರು. ಮಡಾಲೊಳ ಸರದಿ ಬಂದಾಗ ಪೆನ್ನು ಎತ್ತಿ, “ಗಂಡನ ಹೆಸರು?” ಎಂದು ಕೇಳಿದರು.

“ಇದ್ದಾನೋ ಇಲ್ಲವೋ ಗೊತ್ತಿಲ್ಲ. ಬಂದರೆ ಊಟ ಹಾಕ್ತೀನಿ. ಇದರಲ್ಲಿ ಬೇಡ” ಅಂದಳು. ಅವರು ಒಂದು ಗಳಿಗೆ ಯೋಚಿಸಿ, ಎರಡನೇ ಗೆರೆಯಲ್ಲಿ ತಾವೊಂಗ ಎಂದು ಬರೆದರು.

ಅದಾಗಿ ಒಂದು ವಾರಕ್ಕೆ ನಾನು ಆ ಕಡೆ ಹೋದಾಗ ಮಡಾಲೊ ಬದುವಿನ ಹತ್ತಿರ ಗುಂಡಿ ತೋಡುತ್ತಿದ್ದಳು. ಕೂಸನ್ನು ಬೆನ್ನಿಗೆ ಕಟ್ಟಿಕೊಂಡಿದ್ದಳು. ಪಕ್ಕದಲ್ಲಿ ಒಡೆದ ಗಡಿಗೆಯ ಚೂರಿನಲ್ಲಿ ಗೇಣುದ್ದದ ಸಸಿ, ಸಣ್ಣ ಸಣ್ಣ ಎಲೆ.

“ಏನೇ ಇದು, ಹುಣಸೆಯಾ?”

“ಹ್ಞೂಂ ಅಕ್ಕಾ. ಚಿಕೊಂಡಿ ಕೊಟ್ಟಳು.” ಸಸಿಯನ್ನು ಇಳಿಸಿ ಮಣ್ಣು ಒತ್ತಿದಳು. “ನಾನು ಹುಟ್ಟಿದಾಗಿನಿಂದ ಮೂರು ತಿಂಗಳಲ್ಲಿ ಕೀಳುವಂಥದ್ದು ಬಿಟ್ಟು ಬೇರೇನೂ ನೆಟ್ಟಿಲ್ಲ. ಸೊಪ್ಪು, ಬೀನ್ಸು. ನಮ್ಮಮ್ಮನೂ ಅಷ್ಟೇ. ಯಾವಾಗ ಏಳು ಅಂತಾರೋ ಅಂತ. ಇದು ಎಷ್ಟು ವರ್ಷಕ್ಕೆ ಕಾಯಿ ಬಿಡತ್ತೆ?”

“ಬೀಜದಿಂದ ಬಂದದ್ದಲ್ವಾ, ಬೇಗ ಅಂದ್ರೂ ಎಂಟು ವರ್ಷ. ಹತ್ತೂ ಆಗಬಹುದು.”

“ಹತ್ತು ವರ್ಷ!” ಅಂದಳು. ಮಣ್ಣಾದ ಕೈಯನ್ನು ಹಾಗೇ ಹಿಡಿದು ನಗತೊಡಗಿದಳು. ಅಷ್ಟು ದಿನದಲ್ಲಿ ಅವಳು ನಕ್ಕದ್ದನ್ನು ನಾನು ನೋಡಿರಲಿಲ್ಲ. ಬೆನ್ನಿನ ಮೇಲಿದ್ದ ಕೂಸು ಕುಲುಕಾಟಕ್ಕೆ ಎಚ್ಚರಾಗಿ ಕಣ್ಣು ಬಿಟ್ಟಿತು.

“ಆಗಲಿ ಬಿಡಕ್ಕಾ,” ಅಂದಳು ಮಡಾಲೊ, ನೀರಿನ ಚೊಂಬಿಗೆ ಕೈ ಚಾಚುತ್ತ. “ಇಲ್ಲೇ ಇರ್ತೀವಲ್ಲ.”